ಪಟ್ಟಣಕ್ಕೆ ಸಾಗಿದವರು: ಆದಿಕಾಂಡ 47ನೆಯ ಅಧ್ಯಾಯವೂ ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳ ವಲಸೆಯೂ

ಪೀಠಿಕೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಸಣ್ಣ ಸಭೆಗಳಲ್ಲಿ ಸೇವೆ ಮಾಡಿದ ಯಾವ ಸಭಾಪಾಲಕರಿಗೂ ಈ ಅನುಭವ ಹೊಸದಲ್ಲ. ಸದಸ್ಯರ ಪುಸ್ತಕದಲ್ಲಿ ಹೆಸರುಗಳಿರುತ್ತವೆ. ಆರಾಧನೆಗೆ ಬಂದು ಕುಳಿತವರು ವೃದ್ಧರು ಮತ್ತು ಮಕ್ಕಳು ಮಾತ್ರ. ನಡುವಯಸ್ಸಿನವರನ್ನು ಕೇಳಿದರೆ ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ, ಬೆಂಗಳೂರಿನ ಪೀಣ್ಯ, ಕೊಡಗಿನ ತೋಟ ಎಂಬ ಉತ್ತರಗಳು ಬರುತ್ತವೆ. ಅದೇ ಹೆಸರುಗಳನ್ನು ನಗರದ ಸಭೆಗಳ ಪುಸ್ತಕದಲ್ಲಿ ಹುಡುಕಿದರೆ ಬಹುಮಟ್ಟಿಗೆ ಸಿಗುವುದಿಲ್ಲ. ಹಳ್ಳಿಯ ಸಭೆ ಅವರನ್ನು ಹೋದವರೆಂದು ಎಣಿಸುತ್ತದೆ. ನಗರದ ಸಭೆ ಅವರನ್ನು ಇನ್ನೂ ಬಾರದವರೆಂದು ಎಣಿಸುತ್ತದೆ. ಎರಡು ಪುಸ್ತಕಗಳ ನಡುವೆ ಒಂದು ಜನಾಂಗವೇ ವಾಸಿಸುತ್ತಿದೆ.

ವಲಸೆಯ ಕುರಿತು ನಾವು ಪ್ರಸಂಗ ಮಾಡುವಾಗ ಸಾಮಾನ್ಯವಾಗಿ ಅಬ್ರಹಾಮನ ಕರೆ, ರೂತಳ ನಿಷ್ಠೆ, ಐಗುಪ್ತಕ್ಕೆ ಓಡಿಹೋದ ಪವಿತ್ರ ಕುಟುಂಬ ಇವುಗಳನ್ನು ನೆನೆಯುತ್ತೇವೆ. ಅವು ಯೋಗ್ಯವಾದ ಪಾಠಗಳೇ ಆಗಿವೆ. ಆದರೆ ಜನರು ಹಳ್ಳಿಯನ್ನು ಬಿಟ್ಟು ಪಟ್ಟಣಕ್ಕೆ ಹೋಗುವ ಆರ್ಥಿಕ ಕ್ರಮವನ್ನು ಹೆಜ್ಜೆಹೆಜ್ಜೆಯಾಗಿ ವಿವರಿಸುವ ಅಧ್ಯಾಯವೊಂದು ಸತ್ಯವೇದದಲ್ಲಿದೆ, ಮತ್ತು ಅದನ್ನು ನಾವು ಅಪರೂಪವಾಗಿ ಓದುತ್ತೇವೆ. ಅದು ಆದಿಕಾಂಡದ 47ನೆಯ ಅಧ್ಯಾಯ. ಈ ಲೇಖನದಲ್ಲಿ ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳ ಸ್ಥಿತಿಯನ್ನು ಮೊದಲು ವಿವರಿಸಿ, ಬಳಿಕ ಆ ಅಧ್ಯಾಯವನ್ನು ಅದರ ಪಕ್ಕದಲ್ಲಿಟ್ಟು ಓದಲು ಪ್ರಯತ್ನಿಸುತ್ತೇವೆ. ಆ ಅಧ್ಯಾಯದಲ್ಲಿ ಭೂಮಿಯನ್ನು ಕಳೆದುಕೊಳ್ಳದೆ ಉಳಿದ ಒಂದೇ ವರ್ಗ ಯಾಜಕರದು. ಸಭಾಸೇವೆಗೆ ಸಿದ್ಧರಾಗುತ್ತಿರುವವರೂ ಸೇವೆಯಲ್ಲಿರುವವರೂ ಅದನ್ನು ತಮ್ಮ ಕುರಿತಾದ ಮಾತೆಂದು ಓದಬೇಕಾಗಿದೆ ಎಂಬುದೇ ನಮ್ಮ ವಾದ.

1. ನಾಲ್ಕು ತಾಲ್ಲೂಕುಗಳ ಭೂಮಿ

ಒಂದೇ ಜಿಲ್ಲೆಗೆ ಸೇರಿದ್ದರೂ ಈ ತಾಲ್ಲೂಕುಗಳ ಭೂಮಿ ಒಂದೇ ಬಗೆಯದಲ್ಲ. ಕೃಷ್ಣರಾಜನಗರವು ಕಾವೇರಿಯ ನೀರುಂಡು ಭತ್ತ ಬೆಳೆಯುವ ಸೀಮೆ. ಹುಣಸೂರು ಮತ್ತು ಪಿರಿಯಾಪಟ್ಟಣಗಳಲ್ಲಿ ಮಳೆಯನ್ನೇ ನಂಬಿದ ಕೆಂಪು ಮರಳುಮಿಶ್ರಿತ ಹಗುರ ಮಣ್ಣು ಹೆಚ್ಚು. ಹೆಗ್ಗಡದೇವನಕೋಟೆಯಲ್ಲಿ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂಬ ನಾಲ್ಕು ಜಲಾಶಯಗಳಿದ್ದು, ಪಕ್ಕದಲ್ಲೇ ನಾಗರಹೊಳೆ ಮತ್ತು ಬಂಡೀಪುರದ ಕಾಡುಗಳಿವೆ. ಈಗ ಸಾಲಿಗ್ರಾಮ ಮತ್ತು ಸರಗೂರು ಪ್ರತ್ಯೇಕ ತಾಲ್ಲೂಕುಗಳಾಗಿದ್ದರೂ ಜನಜೀವನದ ನಂಟು ಹಳೆಯದೇ ಆಗಿದೆ.

ಮಳೆಯಾಶ್ರಿತ ಭೂಮಿಯ ಮುಖ್ಯ ನಗದು ಬೆಳೆ ಹೊಗೆಸೊಪ್ಪು. ಇಲ್ಲಿನ ವರ್ಜೀನಿಯಾ ತಂಬಾಕು ಕೇಂದ್ರ ಸರ್ಕಾರದ ತಂಬಾಕು ಮಂಡಳಿಯ ನಿಯಂತ್ರಣದಲ್ಲಿದೆ. ಬೆಳೆಗಾರನಿಗೆ ಪರವಾನಗಿ ಬೇಕು. ಎಷ್ಟು ಬೆಳೆಯಬಹುದೆಂಬ ಮಿತಿ ಮೇಲಿನಿಂದ ಬರುತ್ತದೆ. ಸೊಪ್ಪನ್ನು ಬ್ಯಾರನ್ನಿನಲ್ಲಿ ಸೌದೆಯ ಬಿಸಿಯಿಂದ ಹದಮಾಡಿ ಹರಾಜು ಮಾರುಕಟ್ಟೆಗೆ ಒಯ್ಯಬೇಕು. ಸಸಿಮಡಿಗೆ, ಗೊಬ್ಬರಕ್ಕೆ, ಸೌದೆಗೆ, ಕೂಲಿಗೆ ಮೊದಲೇ ಹಣ ಬೇಕಾಗುವುದರಿಂದ ಸಾಲವಿಲ್ಲದೆ ಈ ಬೆಳೆ ಇಲ್ಲ. ವರ್ಷದ ಆರಂಭದಲ್ಲಿ ಮಾಡಿದ ಸಾಲವು ವರ್ಷಾಂತ್ಯದ ಹರಾಜಿನ ಬೆಲೆಯನ್ನು ಕಾಯುತ್ತದೆ. ಮುಂಗಾರು ಕೈಕೊಟ್ಟರೆ ಅಥವಾ ಕೊಳ್ಳುವವರು ಬೆಲೆ ಇಳಿಸಿದರೆ ರೈತನ ಕೈಯಲ್ಲಿ ಬೇರೆ ದಾರಿ ಇರುವುದಿಲ್ಲ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತವು 2004ರಲ್ಲಿ ಅನುಮೋದಿಸಿದೆ. ಅದರಲ್ಲಿ ಬೆಳೆಗಾರರಿಗೆ ಪರ್ಯಾಯ ಜೀವನೋಪಾಯ ಒದಗಿಸುವ ಮಾತೂ ಇದೆ. ಜನರ ಆರೋಗ್ಯಕ್ಕಾಗಿ ಈ ಬೆಳೆ ಕುಗ್ಗಬೇಕೆಂಬುದು ನ್ಯಾಯ. ಕುಗ್ಗುವ ಬೆಳೆಯ ಹೊರೆಯನ್ನು ಎರಡು ಎಕರೆಯ ಒಡೆಯನೊಬ್ಬನೇ ಹೊರಬೇಕೆಂಬುದು ಅನ್ಯಾಯ.

ಬ್ಯಾಂಕಿನ ಸಾಲ ಸಾಲದಾದಾಗ ಕೈಸಾಲ, ಸಂಘದ ಸಾಲ, ಕಿರುಹಣಕಾಸು ಸಂಸ್ಥೆಗಳ ವಾರದ ಕಂತು ಮನೆಯೊಳಗೆ ಬರುತ್ತವೆ. ವಸೂಲಿಯ ಕಿರುಕುಳದಿಂದ ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳು 2025ರ ಆರಂಭದಲ್ಲಿ ಬಂದವು. ಆ ವರ್ಷದ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ವಲಸೆ ಎಂಬ ಪದದೊಳಗೆ ರಾತ್ರಿಯ ಹೊತ್ತು ಮನೆ ಬಿಡುವುದೂ ಸೇರಿದೆ ಎಂಬುದನ್ನು ನಾವು ಮರೆಯಬಾರದು.

ಕಾಡಿನಂಚಿನ ಕಥೆ ಬೇರೆ. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟು ಹಲವು ಊರುಗಳನ್ನು ಮುಳುಗಿಸಿತು. ನಾಗರಹೊಳೆಯು ಅಭಯಾರಣ್ಯವಾಗಿ, ರಾಷ್ಟ್ರೀಯ ಉದ್ಯಾನವಾಗಿ ರೂಪುಗೊಂಡ ದಶಕಗಳಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ ಮುಂತಾದ ಸಮುದಾಯಗಳು ತಮ್ಮ ಹಾಡಿಗಳಿಂದ ಹೊರಬಂದವು. ಪ್ರೊ. ಮುಜಾಫರ್ ಅಸ್ಸಾದಿ ಅವರ ನೇತೃತ್ವದಲ್ಲಿ ಹೈಕೋರ್ಟಿನ ಸೂಚನೆಯಂತೆ ರಚನೆಯಾದ ಸಮಿತಿಯು 2014ರಲ್ಲಿ ವರದಿ ನೀಡಿ, ಹೀಗೆ ಹೊರಬಂದ 3,418 ಕುಟುಂಬಗಳನ್ನು ಗುರುತಿಸಿತು. ಹುಣಸೂರು ತಾಲ್ಲೂಕಿನ ನಾಗಾಪುರದಂತಹ ಪುನರ್ವಸತಿ ಕೇಂದ್ರಗಳಲ್ಲಿ ಕೆಲವರಿಗೆ ಭೂಮಿ ದೊರಕಿತು. ಅನೇಕರು ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಿಗೆ ಹೋದರು. ಅರಣ್ಯ ಹಕ್ಕುಗಳ ಕಾಯ್ದೆ 2006ರಲ್ಲೇ ಬಂದಿದ್ದರೂ ಹಕ್ಕುಪತ್ರಕ್ಕಾಗಿ ಕಾಯುವಿಕೆ ಮುಗಿದಿಲ್ಲ.

ಇಲ್ಲಿ ಇನ್ನೊಂದು ನೆನಪೂ ಅಗತ್ಯ. ಉಳುವವನೇ ಹೊಲದೊಡೆಯ ಎಂಬ ತತ್ತ್ವವನ್ನು ರಾಜ್ಯದಲ್ಲಿ ಕಾರ್ಯಗತಗೊಳಿಸಿದ ಮುಖ್ಯಮಂತ್ರಿ ಡಿ. ದೇವರಾಜ ಅರಸು ಅವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. 1974ರ ಭೂಸುಧಾರಣಾ ತಿದ್ದುಪಡಿ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಅನುಮತಿಯಿಲ್ಲದೆ ಪರಭಾರೆ ಮಾಡುವುದನ್ನು ನಿಷೇಧಿಸುವ, ಹಾಗೆ ಕೈಬಿಟ್ಟ ಭೂಮಿಯನ್ನು ಮರಳಿಸುವ 1978ರ ಕಾಯ್ದೆಯೂ ಅದೇ ಆಡಳಿತಕಾಲದ್ದು. ಆದರೆ ಗೇಣಿಯೂ ಇಲ್ಲದೆ ಕೂಲಿಯನ್ನೇ ನಂಬಿದ್ದ ದಲಿತ ಕುಟುಂಬಗಳಿಗೆ ಗೇಣಿದಾರಿಕೆಯ ಸುಧಾರಣೆಯಿಂದ ದೊರೆತದ್ದು ಅಲ್ಪ. ದೊರೆತ ಭೂಮಿಯೂ ಮಕ್ಕಳು ಮೊಮ್ಮಕ್ಕಳ ನಡುವೆ ಗುಂಟೆಗಳಾಗಿ ಒಡೆಯಿತು. 2020ರ ತಿದ್ದುಪಡಿಯು ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳುವ ಬಾಗಿಲನ್ನು ತೆರೆಯಿತು.

2. ಪ್ರಯಾಣದ ಬಗೆಗಳು, ನೆಲೆಯ ಬಗೆಗಳು

ಈ ಸೀಮೆಯ ವಲಸೆಯನ್ನು ಮೂರು ಬಗೆಯಾಗಿ ಕಾಣಬಹುದು. ಮೊದಲನೆಯದು ದಿನದ ಪ್ರಯಾಣ: ನಸುಕಿನಲ್ಲೇ ಜೀಪುಗಳಲ್ಲಿ ಒತ್ತಾಗಿ ಕುಳಿತು ಕೊಡಗಿನ ತೋಟಗಳಿಗೆ ಹೋಗಿ ಕತ್ತಲಾದ ಮೇಲೆ ಮರಳುವವರದು. ಎರಡನೆಯದು ಹಂಗಾಮಿನ ಪ್ರಯಾಣ: ಕಾಫಿ, ಮೆಣಸಿನ ಕೊಯ್ಲಿಗೆ, ಶುಂಠಿಯ ಕೆಲಸಕ್ಕೆ, ಗಡಿಯಾಚೆಯ ವಯನಾಡಿಗೆ ಕೆಲವು ವಾರ ಅಥವಾ ತಿಂಗಳು ಹೋಗುವವರದು. ಮೂರನೆಯದು ನಗರದಲ್ಲಿ ನೆಲೆಸುವಿಕೆ. ಒಂದೇ ಮನೆಯಲ್ಲಿ ಮೂರೂ ಬಗೆಯವರು ಇರುವುದುಂಟು. ತಾಯಿ ಜೀಪಿನಲ್ಲಿ ತೋಟಕ್ಕೆ, ಹಿರಿಯ ಮಗ ಮೈಸೂರಿನಲ್ಲಿ ಗಾರೆ ಕೆಲಸಕ್ಕೆ, ಮಗಳು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗೆ. ರಾಜ್ಯದ ಒಳಗೇ ಸಂಚರಿಸುವ ಇವರಿಗೆ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯ ರಕ್ಷಣೆ ಅನ್ವಯಿಸಲೇ ಇಲ್ಲ.

ನಗರದಲ್ಲಿ ನೆಲೆಸುವವರೆಲ್ಲ ಕೊಳೆಗೇರಿಗೇ ಬರುತ್ತಾರೆಂದು ಭಾವಿಸುವುದು ಸರಿಯಲ್ಲ. ಬೆಂಗಳೂರಿನ ಖಾಲಿ ನಿವೇಶನಗಳಲ್ಲಿ ಕಾಣುವ ನೀಲಿ ಟಾರ್ಪಾಲಿನ ಗುಡಿಸಲುಗಳಲ್ಲಿ ಹೆಚ್ಚಾಗಿ ಇರುವವರು ರಾಯಚೂರು, ಯಾದಗಿರಿ, ಕಲಬುರಗಿ ಮುಂತಾದ ದೂರದ ಜಿಲ್ಲೆಗಳವರು ಮತ್ತು ಹೊರರಾಜ್ಯದವರು. ಹತ್ತಿರದ ತಾಲ್ಲೂಕಿನವರಿಗೆ ಊರಿನ ನಂಟು ದಾರಿ ತೋರಿಸುತ್ತದೆ. ಮೊದಲು ಬಂದ ನೆಂಟನೊಬ್ಬನ ಕೋಣೆಯಲ್ಲಿ ತಂಗಿ, ಕೆಲಸ ಸಿಕ್ಕ ಮೇಲೆ ಅದೇ ವಠಾರದಲ್ಲಿ ಒಂದು ಕೋಣೆ ಹಿಡಿದು, ಮಕ್ಕಳನ್ನು ಕರೆತಂದು, ಕೈಯಲ್ಲಿ ಸ್ವಲ್ಪ ಹಣ ಸೇರಿದಾಗ ನಗರದ ಅಂಚಿನ ರೆವಿನ್ಯೂ ಬಡಾವಣೆಯಲ್ಲಿ ಸಣ್ಣ ನಿವೇಶನವನ್ನು ಕರಾರು ಪತ್ರದ ಮೇಲೆ ಕೊಳ್ಳುತ್ತಾರೆ. ಹೂಟಗಳ್ಳಿ, ಹೆಬ್ಬಾಳ, ಮೇಟಗಳ್ಳಿ, ಬೆಳವಾಡಿಗಳ ಕೈಗಾರಿಕಾ ಪ್ರದೇಶದ ಸುತ್ತ ಹಳೆಯ ಹಳ್ಳಿಗಳು ವಠಾರಗಳಾದದ್ದು ಹೀಗೆ. ಅಷ್ಟೂ ಸಾಧ್ಯವಾಗದವರು ರಾಜಕಾಲುವೆಯ ದಂಡೆ, ಕೆರೆಯಂಗಳ, ಗೋಮಾಳ, ಕಟ್ಟಡ ಕಾಮಗಾರಿಯ ಶೆಡ್ಡು ಇವುಗಳಲ್ಲಿ ತಂಗುತ್ತಾರೆ.

ಇವೆಲ್ಲವುಗಳಿಗೆ ಸಾಮಾನ್ಯವಾದ ಲಕ್ಷಣ ಕೊಳೆಯಲ್ಲ, ದಾಖಲೆಯ ದೌರ್ಬಲ್ಯ. 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆಯಂತೆ ಸರ್ಕಾರವು ಒಂದು ನೆಲೆಯನ್ನು ಕೊಳಚೆ ಪ್ರದೇಶವೆಂದು ಘೋಷಿಸಿದಾಗ ಮಾತ್ರ ಅಲ್ಲಿನವರು ಮಂಡಳಿಯ ಯೋಜನೆಗಳ ಕಣ್ಣಿಗೆ ಸರಿಯಾಗಿ ಬೀಳುತ್ತಾರೆ. ಘೋಷಣೆಯಾಗದ ನೆಲೆಯವರು ಅದೇ ಚರಂಡಿಯ ಪಕ್ಕದಲ್ಲಿದ್ದರೂ ಪಟ್ಟಿಯ ಹೊರಗಿರುತ್ತಾರೆ. 1985ರಲ್ಲಿ ಸುಪ್ರೀಂ ಕೋರ್ಟು ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಪ್ರಕರಣದಲ್ಲಿ, ಜೀವನೋಪಾಯದ ಹಕ್ಕು ಜೀವಿಸುವ ಹಕ್ಕಿನ ಭಾಗವೆಂದು ಒಪ್ಪಿತು. ಅದೇ ತೀರ್ಪು ಕ್ರಮಬದ್ಧವಾದ ತೆರವಿಗೆ ಅವಕಾಶವನ್ನೂ ಉಳಿಸಿತು. ಬೆಂಗಳೂರಿನ ಈಜಿಪುರದಲ್ಲಿ ಬಡವರಿಗಾಗಿಯೇ ಕಟ್ಟಿದ ವಸತಿಗಳಿದ್ದ ಜಾಗದಿಂದ ನೂರಾರು ಕುಟುಂಬಗಳನ್ನು 2013ರ ಜನವರಿಯಲ್ಲಿ ಹೊರಹಾಕಿದ್ದನ್ನು ನೆನೆದರೆ ಈ ಎರಡು ಮಾತುಗಳ ನಡುವಿನ ಅಂತರ ತಿಳಿಯುತ್ತದೆ. 2020ರ ಮಾರ್ಚಿನ ದಿಗ್ಬಂಧನದಲ್ಲಿ ಕೆಲಸ ನಿಂತೊಡನೆ ಜನರು ಹಳ್ಳಿಗೆ ಹಿಂತಿರುಗಿದ್ದೂ ಇದೇ ಕಾರಣದಿಂದ: ನಗರದಲ್ಲಿ ಅವರಿಗೆ ದುಡಿಮೆ ಇತ್ತು, ನೆಲೆ ಇರಲಿಲ್ಲ.

3. ಹಣ, ದನ, ಭೂಮಿ, ದೇಹ

ಈಗ ಆದಿಕಾಂಡದ 47ನೆಯ ಅಧ್ಯಾಯಕ್ಕೆ ಬರೋಣ. ಅಧ್ಯಾಯದ ರಚನೆಯೇ ಗಮನಾರ್ಹ. ಮೊದಲ ಭಾಗದಲ್ಲಿ (1–12) ಕ್ಷಾಮದಿಂದ ವಲಸೆ ಬಂದ ಯಾಕೋಬನ ಕುಟುಂಬಕ್ಕೆ ಫರೋಹನ ಅಪ್ಪಣೆಯಿಂದ ದೇಶದ ಉತ್ತಮ ಭೂಮಿ ದೊರಕುತ್ತದೆ. ಎರಡನೆಯ ಭಾಗದಲ್ಲಿ (13–26) ಅದೇ ದೇಶದ ಮೂಲನಿವಾಸಿಗಳಾದ ರೈತರು ಭೂಮಿಯನ್ನು ಕಳೆದುಕೊಳ್ಳುತ್ತಾರೆ. ಮೂರನೆಯ ಭಾಗದಲ್ಲಿ (27–31) ಯಾಕೋಬನು ತನ್ನ ಸಮಾಧಿಯ ಕುರಿತು ಮಗನಿಂದ ಪ್ರಮಾಣ ಮಾಡಿಸುತ್ತಾನೆ.

ಮೊದಲ ಭಾಗದ ಹೋಲಿಕೆ ನಮ್ಮ ಸೀಮೆಯಲ್ಲೇ ಇದೆ. ಟಿಬೆಟಿನಿಂದ ನಿರಾಶ್ರಿತರಾಗಿ ಬಂದವರಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1961ರಲ್ಲಿ ಮೈಸೂರು ಸರ್ಕಾರವು ಭೂಮಿ ನೀಡಿ ಯೋಜಿತ ನೆಲೆಯನ್ನು ಸ್ಥಾಪಿಸಿತು. ಮುಂದೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಅಂತಹ ನೆಲೆ ಬೆಳೆಯಿತು. ಅದು ನಮ್ಮ ರಾಜ್ಯದ ಗೌರವಕ್ಕೆ ಸೇರಿದ ಕಾರ್ಯ. ಅದನ್ನು ಕುರಿತು ಅಸೂಯೆಪಡುವುದು ಕ್ರೈಸ್ತರಿಗೆ ತಕ್ಕುದಲ್ಲ. ಅದರಿಂದ ಕಲಿಯಬೇಕಾದುದು ಇಷ್ಟೇ: ಮನೆ, ಹೊಲ, ಶಾಲೆ, ಆಸ್ಪತ್ರೆಗಳೊಡನೆ ನೆಲೆಯನ್ನು ಯೋಜಿಸಿ ಕೊಡುವುದು ಆಳುವವರ ಕೈಲಾಗದ ಕೆಲಸವಲ್ಲ. ಕೆಲವೇ ಮೈಲಿ ದೂರದ ಕಾಡಿನಿಂದ ಹೊರಬಂದವರಿಗೆ ಅದು ಪೂರ್ಣವಾಗಿ ದೊರಕದಿದ್ದರೆ ಕಾರಣ ಅಸಾಧ್ಯತೆಯಲ್ಲ, ಆಯ್ಕೆ.

ಎರಡನೆಯ ಭಾಗದಲ್ಲಿ ಕಳೆತದ ಕ್ರಮ ಸ್ಪಷ್ಟವಾಗಿದೆ. ಮೊದಲು ಜನರ ಹಣವೆಲ್ಲ ಧಾನ್ಯಕ್ಕಾಗಿ ಅರಮನೆ ಸೇರುತ್ತದೆ. ಹಣ ಮುಗಿದಾಗ ಕುದುರೆ, ಕುರಿ, ದನ, ಕತ್ತೆಗಳನ್ನು ಕೊಡುತ್ತಾರೆ. ಮರುವರ್ಷ ಬಂದು, ತಮ್ಮಲ್ಲಿ ದೇಹ ಮತ್ತು ಭೂಮಿಯ ಹೊರತು ಏನೂ ಉಳಿದಿಲ್ಲವೆಂದು ಹೇಳಿ ಎರಡನ್ನೂ ಒಪ್ಪಿಸುತ್ತಾರೆ. ಕೊನೆಗೆ ಬಿತ್ತನೆಗೆ ಬೀಜವನ್ನೂ ಒಡೆಯನೇ ಕೊಡುತ್ತಾನೆ, ಫಲದ ಐದನೆಯ ಒಂದು ಪಾಲು ಅವನದಾಗುತ್ತದೆ. ಚಿನ್ನ ಅಡವಿಟ್ಟು, ಹಸು ಮಾರಿ, ಹೊಲವನ್ನು ಶುಂಠಿಗೆ ಗುತ್ತಿಗೆ ಕೊಟ್ಟು, ಕೊನೆಗೆ ಮೇಸ್ತ್ರಿಯ ಮುಂಗಡ ಹಿಡಿದು ನಗರದ ಬಸ್ಸು ಹತ್ತುವ ಕುಟುಂಬವನ್ನು ಬಲ್ಲವರಿಗೆ ಈ ಕ್ರಮಕ್ಕೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಆದರೂ ಯೋಸೇಫನನ್ನು ಸುಲಭವಾಗಿ ಖಂಡಿಸಲಾಗದು. ತಮ್ಮ ಪ್ರಾಣವನ್ನು ಉಳಿಸಿದನೆಂದು ಆ ಜನರೇ ಅವನಿಗೆ ಹೇಳುತ್ತಾರೆ (47:25), ಮತ್ತು ಅದು ಸುಳ್ಳಲ್ಲ. ನಗರವೂ ನಮ್ಮ ಜನರಿಗೆ ಪ್ರಾಣ ಕೊಟ್ಟಿದೆ. ಹಳ್ಳಿಯ ಜಾತಿಕಟ್ಟಿನಲ್ಲಿ ಬಾವಿಯಿಂದ ದೂರ ನಿಲ್ಲಬೇಕಾಗಿದ್ದವರ ಮಕ್ಕಳು ಅಲ್ಲಿ ಓದಿದ್ದಾರೆ. ಹೆಣ್ಣುಮಕ್ಕಳು ತಮ್ಮ ಹೆಸರಿನಲ್ಲಿ ಸಂಬಳ ಪಡೆದಿದ್ದಾರೆ. ಹಳ್ಳಿಯನ್ನು ಏದೆನ್ ತೋಟವೆಂದೂ ನಗರವನ್ನು ಬಾಬೆಲೆಂದೂ ಚಿತ್ರಿಸುವ ಪ್ರಸಂಗವು ಹಳ್ಳಿಯಲ್ಲಿ ಅವಮಾನ ಉಂಡವರಿಗೆ ಸುವಾರ್ತೆಯಾಗಿ ಕೇಳಿಸದು. ಅಧ್ಯಾಯವು ನಮ್ಮ ಮುಂದಿಡುವ ಪ್ರಶ್ನೆ ಹೆಚ್ಚು ಕಠಿನವಾದುದು: ಪ್ರಾಣ ಉಳಿಸುವುದಕ್ಕಾಗಿ ಪಡೆದ ಬೆಲೆ ಎಷ್ಟು, ಅದನ್ನು ಪಡೆದವರು ಯಾರು?

4. ಒಂದು ಅಕ್ಷರದ ವ್ಯತ್ಯಾಸ

ಈ ಪ್ರಶ್ನೆ 21ನೆಯ ವಚನದಲ್ಲಿ ತೀಕ್ಷ್ಣವಾಗುತ್ತದೆ. ಅಲ್ಲಿ ಪಾಠಾಂತರವಿದೆ. ಮಸೊರೆಟಿಕ್ ಇಬ್ರಿಯ ಪಾಠದ ಪ್ರಕಾರ ಯೋಸೇಫನು ಐಗುಪ್ತದ ಒಂದು ಎಲ್ಲೆಯಿಂದ ಇನ್ನೊಂದು ಎಲ್ಲೆಯ ತನಕ ಜನರನ್ನು ಪಟ್ಟಣಗಳಿಗೆ ಸಾಗಿಸಿದನು. ಸಮಾರ್ಯದ ಪಂಚಗ್ರಂಥ ಮತ್ತು ಗ್ರೀಕ್ ಸೆಪ್ಟುವಜಿಂಟ್ ಪ್ರಕಾರ ಅವನು ಜನರನ್ನು ದಾಸರನ್ನಾಗಿ ಮಾಡಿದನು. ವ್ಯತ್ಯಾಸದ ಮೂಲ ಬಹಳ ಚಿಕ್ಕದು. ‘ಸಾಗಿಸಿದನು’ ಎಂಬ ಅರ್ಥದ ‘ಹೆಎವೀರ್’ ಮತ್ತು ‘ದುಡಿಸಿದನು’ ಎಂಬ ಅರ್ಥದ ‘ಹೆಎವೀದ್’ ಎಂಬ ಪದಗಳ ನಡುವೆ ಇರುವುದು ರೇಶ್ ಮತ್ತು ದಾಲೆಥ್ ಎಂಬ ಎರಡು ಅಕ್ಷರಗಳ ಭೇದ ಮಾತ್ರ. ‘ಪಟ್ಟಣಗಳಿಗೆ’ ಎಂಬುದು ‘ದಾಸರಾಗಿ’ ಎಂಬುದಕ್ಕೆ ತಿರುಗುವಾಗಲೂ ಅದೇ ಎರಡು ಅಕ್ಷರಗಳು ಸ್ಥಾನ ಬದಲಿಸುತ್ತವೆ. ಇಬ್ರಿಯ ಲಿಪಿಯಲ್ಲಿ ಇವು ಒಂದನ್ನೊಂದು ಎಷ್ಟು ಹೋಲುತ್ತವೆಂದರೆ ಕಲಿಯುವ ವಿದ್ಯಾರ್ಥಿಗಳೆಲ್ಲರೂ ಒಮ್ಮೆಯಾದರೂ ತಪ್ಪಿ ಓದಿರುತ್ತಾರೆ.

ಯಾವ ಪಾಠ ಮೂಲವೆಂಬ ಚರ್ಚೆಯಲ್ಲಿ ಎರಡು ಪಕ್ಷಕ್ಕೂ ಬಲವಿದೆ. ಹತ್ತೊಂಬತ್ತು ಮತ್ತು ಇಪ್ಪತ್ತೈದನೆಯ ವಚನಗಳಲ್ಲಿ ಜನರೇ ತಾವು ಫರೋಹನಿಗೆ ದಾಸರಾಗುವೆವೆಂದು ಹೇಳುವುದರಿಂದ ‘ದಾಸರು’ ಎಂಬ ಪಾಠ ಸಂದರ್ಭಕ್ಕೆ ಒಪ್ಪುತ್ತದೆ. ಅನೇಕ ಆಧುನಿಕ ಅನುವಾದಗಳು ಅದನ್ನೇ ಅನುಸರಿಸಿವೆ. ಇತ್ತ 41ನೆಯ ಅಧ್ಯಾಯದಲ್ಲಿ ಧಾನ್ಯವನ್ನು ಪಟ್ಟಣಗಳಲ್ಲೇ ಕೂಡಿಟ್ಟ ವಿಷಯ ಬಂದಿರುವುದರಿಂದ, ಭೂಮಿಯಿಲ್ಲದ ಜನರನ್ನು ಉಗ್ರಾಣವಿರುವಲ್ಲಿಗೆ ಸಾಗಿಸಿದರೆಂಬ ಮಸೊರೆಟಿಕ್ ಪಾಠಕ್ಕೂ ಅರ್ಥವಿದೆ. ಈ ವಿವಾದವನ್ನು ಇಲ್ಲಿ ತೀರ್ಮಾನಿಸುವುದು ನಮ್ಮ ಉದ್ದೇಶವಲ್ಲ. ಪ್ರತಿಗಳ ಪರಂಪರೆಯೇ ನಮಗೆ ಒಪ್ಪಿಸಿರುವ ಸಂದೇಹವನ್ನು ಹಾಗೆಯೇ ಸ್ವೀಕರಿಸೋಣ. ಪಟ್ಟಣಕ್ಕೆ ಹೋಗುವುದಕ್ಕೂ ದಾಸರಾಗುವುದಕ್ಕೂ ನಡುವೆ ಒಂದು ಅಕ್ಷರದ ಅಂತರವಿದೆ. ಊರು ಬಿಟ್ಟ ಒಂದು ಕುಟುಂಬದ ಬಾಳಿನಲ್ಲಿ ಆ ಅಕ್ಷರ ಯಾವುದಾಗುತ್ತದೆ ಎಂಬುದು ಸಣ್ಣ ಸಂಗತಿಗಳ ಮೇಲೆ ನಿಂತಿದೆ: ಮೇಸ್ತ್ರಿಯ ಮುಂಗಡದ ಲೆಕ್ಕ ಅವರಿಗೆ ತಿಳಿದಿದೆಯೇ, ಪಡಿತರ ಚೀಟಿ ಹೊಸ ಜಾಗದಲ್ಲಿ ನಡೆಯುತ್ತದೆಯೇ, ಮಗುವಿನ ಶಾಲೆಯ ವರ್ಗಾವಣೆ ಪತ್ರ ಸಿಕ್ಕಿತೇ, ಕಾಯಿಲೆಯಾದ ರಾತ್ರಿ ಬಾಗಿಲು ತಟ್ಟಲು ಪರಿಚಯದ ಮನೆಯೊಂದು ಇದೆಯೇ?

ಮುಂದಿನ ಗ್ರಂಥ ಇದಕ್ಕೆ ಎಚ್ಚರಿಕೆಯನ್ನೂ ಸೇರಿಸುತ್ತದೆ. ವಿಮೋಚನಕಾಂಡ 1:11ರಲ್ಲಿ ಇಸ್ರಾಯೇಲ್ಯರೇ ಬಿಟ್ಟೀಕೆಲಸದಲ್ಲಿ ಉಗ್ರಾಣದ ಪಟ್ಟಣಗಳನ್ನು ಕಟ್ಟುತ್ತಾರೆ. ಒಬ್ಬರ ಮೇಲೆ ರೂಢಿಯಾದ ವ್ಯವಸ್ಥೆ ಮುಂದಿನ ತಲೆಮಾರಿನಲ್ಲಿ ಅದನ್ನು ನಡೆಸಿದವರ ಮಕ್ಕಳ ಮೇಲೇ ತಿರುಗಿತು.

5. ಯಾಜಕರ ಭೂಮಿ

ಮುಂದಿನ ವಚನವೇ ನಮ್ಮನ್ನು ನಿಲ್ಲಿಸಿ ಕೇಳುತ್ತದೆ. ಯಾಜಕರ ಭೂಮಿಯನ್ನು ಮಾತ್ರ ಯೋಸೇಫನು ಕೊಂಡುಕೊಳ್ಳಲಿಲ್ಲ (47:22). ಅವರಿಗೆ ಫರೋಹನಿಂದ ಗೊತ್ತಾದ ಆಹಾರ ಬರುತ್ತಿದ್ದುದರಿಂದ ಮಾರುವ ಅಗತ್ಯ ಬೀಳಲಿಲ್ಲ. ನಿರೂಪಕನು ಈ ಮಾತನ್ನು ಇಪ್ಪತ್ತಾರನೆಯ ವಚನದಲ್ಲಿ ಮತ್ತೊಮ್ಮೆ ಹೇಳುತ್ತಾನೆ.

ಇಸ್ರಾಯೇಲಿನ ಧರ್ಮಶಾಸ್ತ್ರವು ಈ ಚಿತ್ರವನ್ನು ತಲೆಕೆಳಗು ಮಾಡಿತು. ಐಗುಪ್ತದಲ್ಲಿ ಯಾಜಕರಿಗೆ ಮಾತ್ರ ಭೂಮಿ; ಇಸ್ರಾಯೇಲಿನಲ್ಲಿ ಎಲ್ಲ ಕುಲಗಳಿಗೂ ಭೂಮಿ, ಲೇವಿಯರಿಗೆ ಮಾತ್ರ ಸ್ವಾಸ್ತ್ಯದ ಪಾಲಿಲ್ಲ (ಧರ್ಮೋಪದೇಶಕಾಂಡ 18:1–2). ಐಗುಪ್ತದಲ್ಲಿ ಭೂಮಿ ಫರೋಹನದಾಯಿತು. ಯಾಜಕಕಾಂಡ 25:23ರಲ್ಲಿ ದೇವರು ಭೂಮಿಯು ತನ್ನದೆಂದೂ, ಜನರೆಲ್ಲರೂ ತನ್ನ ಬಳಿಯಲ್ಲಿ ತಂಗಿರುವ ಪರವಾಸಿಗಳೆಂದೂ, ಆದುದರಿಂದ ಅದನ್ನು ಶಾಶ್ವತವಾಗಿ ಮಾರಬಾರದೆಂದೂ ಹೇಳುತ್ತಾನೆ. ಮಾರಿದ ಭೂಮಿ ಜೂಬಿಲಿ ವರ್ಷದಲ್ಲಿ ಮರಳಬೇಕು. 1978ರ ಕಾಯ್ದೆಯನ್ನು ಈ ಅಧ್ಯಾಯದ ಪಕ್ಕದಲ್ಲಿಟ್ಟು ಓದಿದ ವಿದ್ಯಾರ್ಥಿಗೆ, ಮಂಜೂರಾದ ಭೂಮಿಯನ್ನು ಹಿಂದಕ್ಕೆ ಪಡೆಯಲು ಕಚೇರಿಗಳಿಗೆ ಅಲೆಯುತ್ತಿರುವ ದಲಿತ ಕುಟುಂಬದ ಹೋರಾಟವು ದೇವಶಾಸ್ತ್ರದ ಹೊರಗಿನ ವಿಷಯವೆಂದು ತೋರದು.

ನಮ್ಮ ಸಭೆಯ ಸ್ಥಾನ ಈ ಎರಡು ಚಿತ್ರಗಳಲ್ಲಿ ಯಾವುದರಲ್ಲಿದೆ? 1876–78ರ ಮಹಾಕ್ಷಾಮದಲ್ಲಿ ಅನಾಥರಾದ ಮಕ್ಕಳನ್ನು ಮೈಸೂರು ಸಂಸ್ಥಾನದಲ್ಲಿ ಮಿಷನ್‌ಗಳು ಸಾಕಿದವು. ಹಲವು ಕುಟುಂಬಗಳ ಕ್ರೈಸ್ತ ಚರಿತ್ರೆ 그ಲ್ಲಿಂದ ಆರಂಭವಾಗುತ್ತದೆ. ನಾವು ಹಸಿವಿನಿಂದ ಊರು ಬಿಟ್ಟವರ ಸಂತತಿ. ಅಂತಹವರಿಗಾಗಿ ಪಡೆದ ಶಾಲೆ, ಆಸ್ಪತ್ರೆ, ವಸತಿನಿಲಯ, ಸಮಾಧಿಭೂಮಿಗಳು ಇಂದು ನಗರದ ಬೆಲೆಬಾಳುವ ಜಾಗದಲ್ಲಿವೆ. ಇವನ್ನು ಉಳಿಸಿಕೊಳ್ಳಲು ಸಭೆಗಳು ನ್ಯಾಯಾಲಯಗಳಲ್ಲಿ ಶಕ್ತಿಯನ್ನು ವ್ಯಯಿಸುತ್ತವೆ, ಉಳಿಸಿಕೊಳ್ಳುವುದು ತಪ್ಪಲ್ಲ. ಆದರೆ ಯಾರಿಗಾಗಿ ಉಳಿದಿದೆ ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ನಾವು ಐಗುಪ್ತದ ಯಾಜಕರ ಸಾಲಿನಲ್ಲಿ ನಿಂತಿರುತ್ತೇವೆ.

6. ಪರವಾಸಿಯ ಸಮಾಧಿ

ಅಧ್ಯಾಯದ ಕೊನೆಯಲ್ಲಿ ಯಾಕೋಬನು ತನ್ನನ್ನು ಐಗುಪ್ತದಲ್ಲಿ ಹೂಣಬಾರದೆಂದು ಬೇಡುತ್ತಾನೆ. ಉತ್ತಮ ಭೂಮಿ ದೊರೆತಿದ್ದರೂ, ಹದಿನೇಳು ವರ್ಷ ಅಲ್ಲಿ ಬಾಳಿದ್ದರೂ ತನ್ನ ಪಿತೃಗಳ ಸಮಾಧಿಯೇ ಅವನಿಗೆ ಊರು. ಅದೇ ಯಾಕೋಬನು ಫರೋಹನ ಮುಂದೆ ತನ್ನ ಬಾಳನ್ನೆಲ್ಲ ಪರವಾಸವೆಂದು ವರ್ಣಿಸಿದ್ದನು (47:9). ಸೆಪ್ಟುವಜಿಂಟ್ ಅಲ್ಲಿ ಬಳಸುವ ಕ್ರಿಯಾಪದ ‘ಪಾರೊಯಿಕೇಓ’. ಪೌರತ್ವವಿಲ್ಲದೆ ಇನ್ನೊಬ್ಬರ ಮನೆಯ ಬದಿಯಲ್ಲಿ ತಂಗುವುದು ಎಂದು ಅದರ ಅರ್ಥ. 1 ಪೇತ್ರ 2:11ರಲ್ಲಿ ಅಪೊಸ್ತಲನು ವಿಶ್ವಾಸಿಗಳನ್ನು ಕರೆಯುವುದೂ ಇದೇ ಮೂಲದ ಪದದಿಂದ. ಅದರಿಂದ ಹುಟ್ಟಿದ ‘ಪಾರೊಯಿಕಿಯ’ ಎಂಬ ನಾಮಪದವೇ ಕಾಲಕ್ರಮದಲ್ಲಿ ‘ಪ್ಯಾರಿಷ್’ ಆಯಿತು. ಊರಿಲ್ಲದವರ ಕೂಟಕ್ಕೆ ಇಟ್ಟ ಹೆಸರು ಎಲ್ಲೆ ಗುರುತಿಸಿದ ಕ್ಷೇತ್ರಕ್ಕೆ ಹೆಸರಾಯಿತು. ಎಲ್ಲೆಯ ಹೊರಗಿನವರನ್ನು ವಿಳಾಸ ಕೇಳಿ ನಿಲ್ಲಿಸುವಾಗ ನಾವು ನಮ್ಮ ಹೆಸರನ್ನೇ ಮರೆತಿರುತ್ತೇವೆ.

ಇದು ಅತ್ಯಂತ ನೋವಿನಿಂದ ಪ್ರಕಟವಾಗುವುದು ಮರಣದಲ್ಲಿ. ನಗರದ ವಠಾರದಲ್ಲಿ ಒಬ್ಬರು ತೀರಿಕೊಂಡಾಗ ಕುಟುಂಬದ ಮುಂದೆ ಎರಡು ದಾರಿಗಳಿರುತ್ತವೆ. ವಾಹನಕ್ಕೆ ಸಾಲ ಮಾಡಿ ದೇಹವನ್ನು ಊರಿಗೆ ಒಯ್ಯಬೇಕು, ಇಲ್ಲವೇ ನಗರದ ಸಮಾಧಿಭೂಮಿಯಲ್ಲಿ ಜಾಗ ಕೇಳಬೇಕು. ಜಾಗ ಕೇಳಿದರೆ ಸದಸ್ಯತ್ವ ಎಲ್ಲಿದೆ, ಚಂದಾ ಸಂದಿದೆಯೇ, ಪತ್ರ ತಂದಿದ್ದೀರಾ ಎಂಬ ಪ್ರಶ್ನೆಗಳು ಬರುತ್ತವೆ. ಜಾಗದ ಅಭಾವ ನಿಜ, ನಿಯಮಗಳಿಗೆ ಕಾರಣವೂ ಇದೆ. ಆದರೂ ಆ ಗಳಿಗೆಯಲ್ಲಿ ಆ ಪ್ರಶ್ನೆಗಳನ್ನು ಕೇಳಿದವರು ನಾವೇ ಆಗಿದ್ದೇವೆಂಬುದನ್ನು ಒಪ್ಪಿಕೊಳ್ಳಬೇಕು.

ಇನ್ನೊಂದು ತೊಡಕನ್ನೂ ಹೇಳದೆ ಬಿಡಲಾಗದು. 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ವಸತಿ ಯೋಜನೆಯ ಪಟ್ಟಿಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ಬೆಲೆಯಿರುವಾಗ, ನಗರದ ಸಭೆಯ ಪುಸ್ತಕದಲ್ಲಿ ಹೆಸರು ಬರೆಸಲು ಕೆಲವರು ಹಿಂಜರಿಯುತ್ತಾರೆ. ಅದನ್ನು ವಿಶ್ವಾಸದ ಕೊರತೆಯೆಂದು ತೀರ್ಮಾನಿಸುವ ಮೊದಲು, ಆ ಬೆಲೆಯನ್ನು ನಾವು ತೆರಬೇಕಾಗಿ ಬಂದಿಲ್ಲವೆಂಬುದನ್ನು ನೆನೆಯಬೇಕು.

7. ಸಭೆಯ ಮುಂದಿರುವ ಕಾರ್ಯ

ಮೇಲಿನ ಓದಿನಿಂದ ನಾಲ್ಕು ಕರ್ತವ್ಯಗಳು ಹೊಮ್ಮುತ್ತವೆಂದು ನಾವು ಭಾವಿಸುತ್ತೇವೆ.

ಮೊದಲನೆಯದು ಪುಸ್ತಕದ ಕುರಿತಾದುದು. ಒಬ್ಬ ವ್ಯಕ್ತಿ ಎರಡು ಊರುಗಳಲ್ಲಿ ಬದುಕುತ್ತಿರುವಾಗ ಎರಡು ಸಭೆಗಳಲ್ಲೂ ಅವನ ಹೆಸರಿರಲಿ. ವರ್ಗಾವಣೆ ಪತ್ರವನ್ನು ಅವನೇ ಹೊತ್ತು ತರಲೆಂದು ಕಾಯದೆ, ಹಳ್ಳಿಯ ಸಭಾಪಾಲಕರು ನಗರದ ಸಭಾಪಾಲಕರಿಗೆ ಮೊದಲೇ ತಿಳಿಸಲಿ. ಒಂದು ದೂರವಾಣಿ ಕರೆಯ ಕೆಲಸವಿದು.

ಎರಡನೆಯದು ಸಮಾಧಿಯದು. ಚಂದಾ ಬಾಕಿಯ ಲೆಕ್ಕವು ಸತ್ತವರ ವಿಷಯದಲ್ಲಿ ಅನ್ವಯಿಸದೆಂಬ ನಿರ್ಣಯವನ್ನು ಪ್ರತಿ ಸಭಾ ಸಮಿತಿಯೂ ಮರಣ ಸಂಭವಿಸುವ ಮೊದಲೇ ಬರೆದಿಡಲಿ. ದುಃಖದ ಗಳಿಗೆಯಲ್ಲಿ ಚರ್ಚಿಸಬೇಕಾದ ವಿಷಯವಲ್ಲ ಅದು.

ಮೂರನೆಯದು ಭೂಮಿಯದು. ವಾರದ ಆರು ದಿನ ಬೀಗ ಹಾಕಿರುವ ಕೋಣೆಗಳು ನಮ್ಮ ಆವರಣಗಳಲ್ಲಿ ಎಷ್ಟಿವೆಯೆಂದು ಎಣಿಸೋಣ. ಉಡುಪು ಕಾರ್ಖಾನೆಗೆ ಹೋಗುವ ತಾಯಂದಿರ ಮಕ್ಕಳಿಗೆ ಹಗಲಿನ ಆಸರೆ, ಸಂದರ್ಶನಕ್ಕೋ ಆಸ್ಪತ್ರೆಗೋ ಬಂದವರಿಗೆ ಒಂದು ರಾತ್ರಿಯ ತಂಗುದಾಣ, ಪಡಿತರ ಚೀಟಿ ಮತ್ತು ಕಾರ್ಮಿಕ ಕಲ್ಯಾಣ ಮಂಡಳಿಯ ಅರ್ಜಿ ಬರೆದುಕೊಡುವ ಮೇಜು: ಇವುಗಳಿಗೆ ಹೊಸ ಕಟ್ಟಡ ಬೇಕಾಗಿಲ್ಲ. ಕ್ರೈಸ್ತರಿಗೆ ಮಾತ್ರವೆಂಬ ಫಲಕವೂ ಅಲ್ಲಿ ಬೇಕಾಗಿಲ್ಲ.

ನಾಲ್ಕನೆಯದು ದೇವಶಾಸ್ತ್ರದ ಶಿಕ್ಷಣದ್ದು. ನಮ್ಮ ವಿದ್ಯಾರ್ಥಿಗಳು ಇಬ್ರಿಯ ಅಕ್ಷರಗಳ ಭೇದವನ್ನು ಕಲಿಯುವಂತೆ ಘೋಷಿತ ಮತ್ತು ಅಘೋಷಿತ ನೆಲೆಗಳ ಭೇದವನ್ನೂ ಕಲಿಯಲಿ. ಒಂದು ಹಂಗಾಮನ್ನು ಕೋಟೆಯ ಹಾಡಿಯಲ್ಲೂ ಇನ್ನೊಂದನ್ನು ಹೂಟಗಳ್ಳಿಯ ವಠಾರದಲ್ಲೂ ಕಳೆದವರು, ಒಂದೇ ಕುಟುಂಬದ ಎರಡು ತುದಿಗಳನ್ನು ಕಂಡಿರುತ್ತಾರೆ. ಅಂತಹವರೇ ಮುಂದೆ ಎರಡು ಪುಸ್ತಕಗಳನ್ನು ಸೇರಿಸಬಲ್ಲರು.

ಉಪಸಂಹಾರ

ಕೃಷ್ಣರಾಜನಗರ ತಾಲ್ಲೂಕಿನ ಡೋರ್ನಹಳ್ಳಿಯಲ್ಲಿ ಸಂತ ಅಂತೋಣಿಯವರ ಪುಣ್ಯಕ್ಷೇತ್ರವಿದೆ. ಹೊಲ ಉಳುತ್ತಿದ್ದ ರೈತನಿಗೆ ಸಂತರ ಪ್ರತಿಮೆ ಮಣ್ಣಿನಲ್ಲಿ ದೊರಕಿತೆಂದು ಅಲ್ಲಿನ ಪರಂಪರೆ ಹೇಳುತ್ತದೆ. ಕಥೋಲಿಕ ಸಭೆಯು 2019ರಲ್ಲಿ ಅದನ್ನು ಬಸಿಲಿಕವೆಂದು ಮಾನ್ಯಮಾಡಿತು. ಲಿಸ್ಬನ್ನಿನಲ್ಲಿ ಹುಟ್ಟಿ ಪಾದುವದಲ್ಲಿ ಸಮಾಧಿಯಾದ ಆ ಸಂತರೂ ಹುಟ್ಟೂರಿನಿಂದ ದೂರ ಬಾಳಿದವರೇ. ಜೂನ್ 13ರ ಹಬ್ಬಕ್ಕೆ ನಗರಗಳಿಂದ ಬರುವ ಜನಸಮೂಹದಲ್ಲಿ ಈ ಸೀಮೆಯಿಂದ ಹೋದವರು ಬಹಳ. ಎಲ್ಲ ಧರ್ಮದವರೂ ಅಲ್ಲಿರುತ್ತಾರೆ. ಅಲ್ಲಿಯ ಬಾಗಿಲಲ್ಲಿ ಯಾರ ವಿಳಾಸವನ್ನೂ ಯಾರೂ ಕೇಳುವುದಿಲ್ಲ. ಸಂಪ್ರದಾಯದಲ್ಲಿ ನಮಗೂ ಆ ಕ್ಷೇತ್ರಕ್ಕೂ ಭೇದವಿದ್ದರೂ ಆ ತೆರೆದ ಬಾಗಿಲಿನಿಂದ ನಾವು ಕಲಿಯಬಹುದು.

ವರ್ಷದ ಒಂದು ದಿನ ಸಾಧ್ಯವಾದುದು ಉಳಿದ ದಿನಗಳಲ್ಲಿ, ವಠಾರದ ಓಣಿಯಲ್ಲಿ, ಸಭಾ ಸಮಿತಿಯ ಮೇಜಿನ ಮುಂದೆ, ಸಮಾಧಿಭೂಮಿಯ ಗೇಟಿನ ಬಳಿ ಸಾಧ್ಯವಾಗಬೇಕು. ಪಟ್ಟಣಕ್ಕೆ ಸಾಗಿದವರು ದಾಸರಾಗದಂತೆ ಕಾಯುವ ಆ ಒಂದು ಅಕ್ಷರವನ್ನು ಬರೆಯುವ ಕೆಲಸದಲ್ಲಿ ದೇವರು ತನ್ನ ಸಭೆಗೂ ಪಾಲು ಕೊಟ್ಟಿದ್ದಾನೆ.